ಅರಳು ಮರಳೆಂದು ಕೈಚೆಲ್ಲದಿರಿ

"ಅರವತ್ತಕ್ಕೆ ಅರಳು ಮರಳು" ಎಂಬ ಮಾತನ್ನು ನಾವೆಲ್ಲ ನಗುನಗುತ್ತಲೇ ಆಡುತ್ತೇವೆ. ಆ ವಯಸ್ಸನ್ನು ದಾಟಿರುವ ನನಗೆ ಈ ಗಾದೆಯ ಮೇಲೊಂದು ತಕರಾರಿದೆ. ಮರೆವೆಲ್ಲವೂ ಮುಪ್ಪಿನ ಸಹಜ ಧರ್ಮವಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ, ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ, ಡಿಮೆನ್ಷಿಯಾದಿಂದ ಬಳಲುತ್ತಿದ್ದಾರೆ.

ಇದರ ಮುಖ್ಯ ಕಾರಣಗಳಲ್ಲಿ ಒಂದಾದ ಆಲ್‌ಝೈಮರ್ ಕಾಯಿಲೆಯಲ್ಲಿ, ಮರೆವು ಕಾಣಿಸಿಕೊಳ್ಳುವ ಎಷ್ಟೋ ವರ್ಷ ಮೊದಲೇ ಮಿದುಳಿನಲ್ಲಿ ಅಮಿಲಾಯ್ಡ್, ಟೌ ಎಂಬ ಪ್ರೋಟೀನುಗಳು ವಿಕೃತಗೊಂಡು ಶೇಖರವಾಗತೊಡಗುತ್ತವೆ. ಆ ಟೌ ರಕ್ತಕ್ಕೂ ಇಳಿಯುತ್ತದೆ. ಆದರೆ ಒಂದು ಮಿಲಿಲೀಟರಿನಲ್ಲಿ ಅದರ ಪ್ರಮಾಣ ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಭಾಗದ ಆಸುಪಾಸು! ಅದನ್ನು ಅಳೆಯಲು ಇಂದು ದೊಡ್ಡ ಯಂತ್ರಗಳೇ ಬೇಕು. ಆ ಯಂತ್ರದ ಕೆಲಸವನ್ನು ಅಂಚೆಚೀಟಿಯಗಲದ ಚಿಪ್ಪಿಗೆ ಒಪ್ಪಿಸುವುದು ವಿಜ್ಞಾನಿಗಳ ಹಂಬಲ. ಕೂದಲೆಳೆಯಂಥ ಕಾಲುವೆಗಳಲ್ಲಿ ಹನಿ ರಕ್ತ ಹರಿಯುತ್ತದೆ. ಪ್ರತಿಕಾಯಗಳು ಬೇಕಾದ ಪ್ರೋಟೀನನ್ನಷ್ಟೇ ಹಿಡಿದಿಡುತ್ತವೆ. ವಿದ್ಯುತ್ ಸಂಕೇತವು ಪ್ರಮಾಣವನ್ನು ತಿಳಿಸುತ್ತದೆ. ಇದು ಬರಿಯ ಕನಸಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ ಪಾತ್‌ಶೋಧ್ ಕಂಪನಿಯು ಮಧುಮೇಹಕ್ಕಾಗಿ ಅಂಗೈಯಲ್ಲಿ ಹಿಡಿಯಬಹುದಾದ ಉಪಕರಣವನ್ನು ಈಗಾಗಲೇ ರೂಪಿಸಿದೆ.

ಆದರೆ ಇಂತಹ ಪರೀಕ್ಷೆ ಯಾರಿಗೆ ಸಲ್ಲಬೇಕು? ನಮ್ಮ ಬ್ರೂಕ್‌ಫೀಲ್ಡಿನಲ್ಲಿ ಹೆಲ್ತ್ ಚೆಕಪ್ ಪ್ಯಾಕೇಜುಗಳಿಗೆ ಬರವಿಲ್ಲ. ನಾಳೆ ಇದೂ ಅಲ್ಲಿನ ಒಂದು ಸಾಲಾದರೆ ಅನಾಹುತವೇ ಸರಿ. ಅಮೆರಿಕೆಯು 2025ರ ಮೇ ತಿಂಗಳಿನಲ್ಲಿ ಆಲ್‌ಝೈಮರ್‌ಗೆ ಮೊದಲ ರಕ್ತಪರೀಕ್ಷೆಯನ್ನು ಅನುಮತಿಸಿದಾಗಲೂ, ಅದು 55 ದಾಟಿದ, ರೋಗಲಕ್ಷಣವಿರುವವರಿಗೆ ಮಾತ್ರ ಎಂದು ಕಟ್ಟುಪಾಡು ವಿಧಿಸಿತು. ಸಂಪೂರ್ಣ ಗುಣಪಡಿಸುವ ಔಷಧಿಯಿಲ್ಲದ ಕಾಯಿಲೆಯ ಸುದ್ದಿಯನ್ನು, ಆರೋಗ್ಯವಾಗಿರುವವನ ಮೊಬೈಲಿಗೆ ಅಂಕಿಯಾಗಿ ಕಳುಹಿಸುವುದು ವೈದ್ಯವಲ್ಲ, ವ್ಯಾಪಾರ.

ಇತ್ತ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ, ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರವು 45 ದಾಟಿದ ಹತ್ತು ಸಾವಿರ ಮಂದಿಯನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನವನ್ನು ಕೈಗೊಂಡಿದೆ. ಸ್ಕ್ಯಾನಿಂಗೂ ನರರೋಗ ತಜ್ಞರೂ ದೂರವಾಗಿರುವುದು ಇಂತಹ ಊರುಗಳಿಗೇ. ಪ್ರಯೋಗಾಲಯ ಚಿಕ್ಕದಾಗುವುದು ಹೊತ್ತೊಯ್ಯಲೆಂದಲ್ಲವೆ? ಹಾಗಾದರೆ ಅದು ಮೊದಲು ತಲುಪಬೇಕಾದದ್ದು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು. ಜೊತೆಗೆ, ಫಲಿತಾಂಶವನ್ನು ಕುಳಿತು ವಿವರಿಸಬಲ್ಲ ವೈದ್ಯರೂ ಅಲ್ಲಿರಬೇಕು.

ಪ್ರಿಯ ವಿದ್ಯಾರ್ಥಿಗಳೇ, ಚಿಪ್ಪು ಬರುವ ತನಕ ಕಾಯಬೇಕಿಲ್ಲ. ತಂದೆತಾಯಿಗಳು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳತೊಡಗಿದರೆ ರೇಗದೆ ವೈದ್ಯರ ಬಳಿಗೆ ಕರೆದೊಯ್ಯಿರಿ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಗಳಿಂದಲೂ ಮರೆವು ಬರುತ್ತದೆ. ಅವುಗಳಿಗೆ ಚಿಕಿತ್ಸೆ ಇಂದೇ ಇದೆ.