ಹೊಡೆತದ ಕ್ಷಣದಲ್ಲಿ ಮಣಿಕಟ್ಟು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಯಲ್ಲಿ ಕತ್ತಿ ಕೊಡಲಿಗಳಿಲ್ಲದ ಮನೆ ಅಪರೂಪವೇ ಸರಿ. ಸೊಪ್ಪಿನ ಬೆಟ್ಟದಲ್ಲಿ ಸೊಪ್ಪು ಕಡಿಯುವ ನುರಿತ ಕೆಲಸಗಾರರನ್ನು ವಾಚಕರು ನೋಡಿಯೇ ಇರುವರು. ಅವರ ತೋಳು ಸಡಿಲವಾಗಿ ಬೀಸುವುದು. ಆದರೆ ಕತ್ತಿಯ ಬಾಯಿ ಕೊಂಬೆಗೆ ತಾಗುವ ಕ್ಷಣದಲ್ಲಿ ಮಣಿಕಟ್ಟು ಕುಸಿಯದೆ ನಿಲ್ಲುವುದು. ಹೊಸಬರು ಕಡಿದರೆ ಮಣಿಕಟ್ಟು ಸೋತು, ಕತ್ತಿಯ ಬಾಯಿ ಓರೆಯಾಗಿ, ತೊಗಟೆ ಮಾತ್ರ ಹಾರುವುದು. ಇಬ್ಬರ ಬಲವೂ ಒಂದೇ ಆಗಿರಬಹುದು, ಭೇದವೆಲ್ಲ ಮಣಿಕಟ್ಟಿನಲ್ಲಿದೆ. ಗಾಲ್ಫ್ ಆಟದ ಮರ್ಮವೂ ಬಹುಮಟ್ಟಿಗೆ ಇಲ್ಲಿಯೇ ಅಡಗಿರುವುದು.

ಗಾಲ್ಫ್ ನಮಗೇತಕ್ಕೆ ಎಂದು ಗೃಹಸ್ಥರು ಕೇಳಬಹುದು. ಅದು ಈಗ ದೂರದ ಆಟವಾಗಿ ಉಳಿದಿಲ್ಲ. ನಮ್ಮ ಜಿಲ್ಲೆಯ ಚಿಕ್ಕಮಗಳೂರಿನಲ್ಲಿ ಗಾಲ್ಫ್ ಕ್ಲಬ್ಬು ಉಂಟು. ಬೆಂಗಳೂರಿನ ಕ್ಲಬ್ಬು 1876ರಷ್ಟು ಹಳೆಯದು. ಓದಿಗೆಂದು ಬೆಂಗಳೂರು ಸೇರಿದ ಮಲೆನಾಡಿನ ಮಕ್ಕಳು ಈ ದಾಂಡನ್ನು ಹಿಡಿದರೆ ಆಶ್ಚರ್ಯಪಡಬೇಕಾದುದಿಲ್ಲ. ಆಗ ಹಿರಿಯರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: “ಬಲವಾಗಿ ಹೊಡೆ!” ಈ ಉಪದೇಶವು ಆಟವನ್ನೂ ಕೆಡಿಸುವುದು, ಕೈಯನ್ನೂ ಕೆಡಿಸಬಹುದು.

ಬಲಗೈ ಆಟಗಾರರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ನೆಲದ ಮೇಲಿರುವ ಚೆಂಡಿಗೆ ಕಬ್ಬಿಣದ ದಾಂಡು ತಾಗುವಾಗ ಎಡಗೈಯ ಹಿಂಭಾಗವೂ ಮುಂದೋಳೂ ಒಂದೇ ಪಟ್ಟಿಯಂತೆ ನೇರವಾಗಿರತಕ್ಕದ್ದು. ಕೈಗಳು ಚೆಂಡಿಗಿಂತ ತುಸು ಮುಂದೆ, ಗುರಿಯ ಕಡೆಗೆ, ಸಾಗಿರಬೇಕು. ಬಲಗೈಯ ಮಣಿಕಟ್ಟು ಇನ್ನೂ ಹಿಂದಕ್ಕೆ ಬಾಗಿಯೇ ಇರಬೇಕು. ಹೀಗಾದರೆ ದಾಂಡು ಮೊದಲು ಚೆಂಡನ್ನೂ ಆಮೇಲೆ ಹುಲ್ಲನ್ನೂ ಮುಟ್ಟುವುದು. ಅಮೆರಿಕೆಯ ಪ್ರಸಿದ್ಧ ಆಟಗಾರ ಬೆನ್ ಹೋಗನ್ 1957ರಲ್ಲಿ ಪ್ರಕಟಿಸಿದ ಪಾಠಗಳ ಪುಸ್ತಕದಲ್ಲಿ, ಆ ಕ್ಷಣದಲ್ಲಿ ಎಡ ಮಣಿಕಟ್ಟು ಗುರಿಯ ಕಡೆಗೆ ತುಸು ಉಬ್ಬಿರಬೇಕೆಂದು ಕಲಿಸಿದನು. 1969ರಲ್ಲಿ ಹೋಮರ್ ಕೆಲ್ಲಿ ಎಂಬಾತನು ಚಪ್ಪಟೆಯಾದ ಎಡ ಮಣಿಕಟ್ಟನ್ನೇ ತನ್ನ ಶಾಸ್ತ್ರದ ಆಧಾರಗಳಲ್ಲಿ ಒಂದನ್ನಾಗಿ ಮಾಡಿದನು.

ಹೊಸಬರು ತಪ್ಪುವುದೇಕೆ? ಚೆಂಡನ್ನು ತಾವೇ ಮೇಲಕ್ಕೆತ್ತಬೇಕೆಂಬ ಆಶೆಯಿಂದ. ಮೊರದಲ್ಲಿ ಅಕ್ಕಿ ಕೇರುವಾಗ ಮಣಿಕಟ್ಟನ್ನು ಮೇಲಕ್ಕೆ ಚಿಮ್ಮಿಸುವುದು ಯುಕ್ತ; ಇಲ್ಲಿ ಅದೇ ದೋಷ. ದಾಂಡಿನ ಮುಖವನ್ನು ಮಾಡುವಾಗಲೇ ಓರೆಯಾಗಿ ಮಾಡಿರುತ್ತಾರೆ. ಚೆಂಡನ್ನು ಎತ್ತುವ ಕೆಲಸ ಆ ಓರೆಯದು. ಆಟಗಾರರು ನೆರವಾಗಲು ಹೋದಷ್ಟೂ ಮಣಿಕಟ್ಟು ಹಿಂದಕ್ಕೆ ಮಡಿಸಿ, ದಾಂಡು ಚೆಂಡಿನ ಹಿಂದಿನ ನೆಲವನ್ನು ಅಗೆಯುವುದು, ಇಲ್ಲವೆ ಚೆಂಡಿನ ನೆತ್ತಿಯನ್ನು ಸವರಿ ಹೋಗುವುದು. ದಾಂಡಿಗೂ ಚೆಂಡಿಗೂ ಸ್ಪರ್ಶವಿರುವುದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲಿನಷ್ಟು ಕಾಲ ಮಾತ್ರ. ಅಷ್ಟರಲ್ಲಿ ಕೈಯನ್ನು ತಿದ್ದಿಕೊಳ್ಳಲು ಯಾರಿಂದಲೂ ಆಗದು. ಚೆಂಡು ಹೊರಡುವ ದಿಕ್ಕೂ ಬಹುಪಾಲು ದಾಂಡಿನ ಮುಖ ಆಗ ನೋಡುತ್ತಿರುವ ದಿಕ್ಕನ್ನೇ ಅನುಸರಿಸುವುದು. ಆದುದರಿಂದ ಆ ಕ್ಷಣದ ಸ್ಥಿತಿಯನ್ನು ಅಭ್ಯಾಸವೇ ಮೊದಲು ಸಿದ್ಧಪಡಿಸಿರಬೇಕು.

ಬಲವೊಂದೇ ಸಾಲದೆಂಬುದಕ್ಕೆ ಬೆಂಗಳೂರಿನ ಅದಿತಿ ಅಶೋಕ್ ಅವರೇ ಸಾಕ್ಷಿ. 2021ರ ಆಗಸ್ಟ್ 7ರಂದು ಮುಗಿದ ಟೋಕಿಯೋ ಒಲಿಂಪಿಕ್ಸ್ ಸ್ಪರ್ಧೆಯಲ್ಲಿ ಅವರು ನಾಲ್ಕು ದಿನಗಳಲ್ಲಿ 269 ಹೊಡೆತಗಳಿಂದ ನಾಲ್ಕನೆಯ ಸ್ಥಾನ ಪಡೆದರು. ಕಂಚಿನ ಪದಕ ತಪ್ಪಿದ್ದು ಒಂದೇ ಹೊಡೆತದಿಂದ. ಬಹು ದೂರ ಹೊಡೆಯುವವರ ಪಂಕ್ತಿಗೆ ಅವರು ಸೇರಿದವರಲ್ಲ. ಕುಳಿಯ ಸಮೀಪದ ಮೃದುವಾದ, ಅಳತೆಯ ಹೊಡೆತಗಳೇ ಅವರನ್ನು ಅಲ್ಲಿಯವರೆಗೆ ತಂದವು. ಆ ದಿನಗಳಲ್ಲಿ ಅವರ ದಾಂಡುಗಳ ಚೀಲ ಹೊತ್ತು ಜೊತೆಗೆ ನಡೆದವರು ಅವರ ತಾಯಿಯೇ.

ತಂದೆತಾಯಿಗಳು ಮುಖ್ಯವಾಗಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಕಿರುಬೆರಳಿನ ಕಡೆ, ಅಂಗೈಯ ಬುಡದಲ್ಲಿ, ಕೊಕ್ಕೆಯಂತಹ ಚಾಚುಳ್ಳ ಸಣ್ಣ ಎಲುಬೊಂದಿದೆ. ದಾಂಡು ಗಟ್ಟಿ ನೆಲಕ್ಕೋ ಬೇರಿಗೋ ಬಡಿದಾಗ ಹಿಡಿಯ ತುದಿ ಎಡಗೈಯ ಆ ಕೊಕ್ಕೆಗೆ ಗುದ್ದಿ ಅದು ಮುರಿಯುವುದುಂಟು. ಸಾಮಾನ್ಯ ಎಕ್ಸ್‌ರೇ ಚಿತ್ರದಲ್ಲಿ ಈ ಮುರಿತವು ಕಾಣದೆಯೂ ಹೋಗಬಹುದು. ಆ ಸ್ಥಳದಲ್ಲಿ ನೋವು ಉಳಿದುಕೊಂಡರೆ ಉಳುಕೆಂದು ಎಣ್ಣೆ ತಿಕ್ಕಿ ಸುಮ್ಮನಿರದೆ, ಎಲುಬಿನ ವೈದ್ಯರಿಗೆ ತೋರಿಸತಕ್ಕದ್ದು.

ಮನೆಯ ಅಂಗಳದಲ್ಲಿಯೇ ಮಾಡಬಹುದಾದ ಅಭ್ಯಾಸವೊಂದನ್ನು ಹೇಳುವೆವು. ಎಡಗೈಯ ಗಡಿಯಾರದ ಪಟ್ಟಿಯೊಳಗೆ, ಕೈಯ ಹಿಂಭಾಗದಲ್ಲಿ, ಮರದ ಅಡಿಕೋಲೊಂದನ್ನು ಸಿಕ್ಕಿಸಿರಿ. ಅದರ ತುದಿ ಬೆರಳ ಗೆಣ್ಣುಗಳವರೆಗೆ ಚಾಚಿರಲಿ. ಹಗುರವಾದ ಕೋಲು ಹಿಡಿದು, ಚೆಂಡಿಲ್ಲದೆ, ಮೊಣಕಾಲಿನೆತ್ತರಕ್ಕೆ ಮಾತ್ರ ನಿಧಾನವಾಗಿ ಬೀಸಿರಿ. ಕೋಲು ಕೆಳಗೆ ಬರುವ ಹೊತ್ತಿಗೆ ಮಣಿಕಟ್ಟು ಹಿಂದಕ್ಕೆ ಮಡಿಸಿದರೆ ಅಡಿಕೋಲು ಕೈಗೆ ಒತ್ತಿ ಕೂಡಲೇ ಎಚ್ಚರಿಸುವುದು. ಹಿಡಿತ ಬಿಗಿಯಾಗಿರಬಾರದು, ನೇರವೆಂದರೆ ಸೆಟೆದುಕೊಂಡಿರುವುದಲ್ಲ. ದಿನಕ್ಕೆ ಇಪ್ಪತ್ತು ಸಲ ಸಾಕು. ಪಕ್ಕದಲ್ಲಿ ಚಿಕ್ಕ ಮಕ್ಕಳು ನಿಲ್ಲದಂತೆ ನೋಡಿಕೊಳ್ಳಿರಿ.

ಮಕ್ಕಳಿಗೆ “ಬಲವಾಗಿ ಹೊಡೆ” ಎನ್ನುವ ಬದಲು “ಮೆಲ್ಲನೆ ಬೀಸು, ಎತ್ತಲು ಹೋಗಬೇಡ” ಎಂದು ಹೇಳುವುದು ಲೇಸು. ತೋಟದ ಕತ್ತಿಯಾಗಲಿ ಗಾಲ್ಫ್ ದಾಂಡಾಗಲಿ, ಕೈ ಹದವಾಗಿ ಒದಗಿದರೆ ಮಿಕ್ಕ ಕೆಲಸವನ್ನು ತಾನೇ ಮಾಡಿಕೊಳ್ಳುವುದು.