ಏಟು ತಪ್ಪಿದ ಮೇಲೆ ಹತ್ತು ಹೆಜ್ಜೆ

ಗಾಲ್ಫ್ ಅಂದ ಕೂಡಲೇ ‘ಅಯ್ಯೋ, ಅದು ದುಡ್ಡಿದ್ದೋರ ಆಟ, ನಮಗ್ಯಾಕೆ?’ ಅಂತ ಪುಟ ತಿರುಗಿಸಬೇಡಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಾದ ನಮಗೆ ಆ ಉದ್ದನೆಯ ಕೋಲು, ಪುಟ್ಟ ಬಿಳಿ ಚೆಂಡು ಕಂಡಿರೋದು ಟಿವಿಯಲ್ಲಷ್ಟೇ. ಅದೂ ಚಾನೆಲ್ ಬದಲಾಯಿಸೋ ಮಧ್ಯೆ! ಆದರೆ 2021ರ ಆಗಸ್ಟ್ 7, ಶನಿವಾರದ ಬೆಳಿಗ್ಗೆ ನೆನಪಿದೆಯೇ? ಡಿಕಾಕ್ಷನ್ ಇಳಿಯೋ ಹೊತ್ತಿಗೇ ಎಷ್ಟೋ ಮನೆಗಳಲ್ಲಿ ಟಿವಿ ಹಾಕಿಕೊಂಡು, ಅರ್ಥವಾಗಲಿ ಬಿಡಲಿ, ಗಾಲ್ಫ್ ನೋಡುತ್ತ ಕೂತಿದ್ದರು. ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪದಕದ ಬಾಗಿಲವರೆಗೂ ಬಂದುಬಿಟ್ಟಿದ್ದರು.

ಆಗ ಅದಿತಿಯ ವಿಶ್ವ ರ‍್ಯಾಂಕಿಂಗ್ 200. ಅದಕ್ಕೆ ಮೊದಲು ಕೊರೊನಾ ಬಂದು ಮೈ ಸೋತು, ಏಟು ಮೊದಲಿನಷ್ಟು ದೂರ ಹೋಗುತ್ತಿರಲಿಲ್ಲ. ಚೀಲ ಹೊತ್ತು ಪಕ್ಕದಲ್ಲಿ ನಡೆಯುತ್ತಿದ್ದವರು ಬೇರೆ ಯಾರೂ ಅಲ್ಲ, ಹೆತ್ತ ತಾಯಿ ಮಾಹೇಶ್ವರಿ. ಗಾಲ್ಫ್‌ನಲ್ಲಿ ಒಂದೊಂದು ಗುಳಿಗೂ ಇಷ್ಟು ಏಟಿನಲ್ಲಿ ಚೆಂಡು ಸೇರಬೇಕು ಅನ್ನೋ ಲೆಕ್ಕ ಇರುತ್ತೆ, ಅದು ಪಾರ್. ಒಂದು ಏಟು ಕಡಿಮೆಯಾದರೆ ಬರ್ಡಿ, ಖುಷಿ. ಒಂದು ಹೆಚ್ಚಾದರೆ ಬೋಗಿ, ಸಂಕಟ. ಆ ಕೊನೆಯ ದಿನ ಅದಿತಿಗೆ 9ನೇ ಗುಳಿಯಲ್ಲಿ ಬೋಗಿ, 11ರಲ್ಲಿ ಮತ್ತೆ ಬೋಗಿ. ಮೂರೇ ಗುಳಿಯ ಅಂತರದಲ್ಲಿ ಎರಡು ಸಲ ಎಡವಿದರೆ ಯಾರಿಗಾದರೂ ಕೈ ನಡುಗಬೇಕು. ಆದರೆ 13ರಲ್ಲಿ ಬರ್ಡಿ, 14ರಲ್ಲೂ ಬರ್ಡಿ! ಕೊನೆಗೆ ಸಿಕ್ಕಿದ್ದು ನಾಲ್ಕನೇ ಸ್ಥಾನ. ಕಂಚು ತಪ್ಪಿದ್ದು ಒಂದೇ ಒಂದು ಏಟಿನಿಂದ. ಆಮೇಲೆ ಅದಿತಿ ‘ಪರವಾಗಿಲ್ಲ’ ಅಂತ ತೋರಿಕೆಗೆ ನಗಲಿಲ್ಲ. ಬೇರೆ ಟೂರ್ನಿಯಾಗಿದ್ದರೆ ಸಂತೋಷಪಡಬಹುದಿತ್ತು, ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯದು ಅಂದರೆ ಬೇಸರವೇ ಅಂತ ನೇರವಾಗಿಯೇ ಹೇಳಿಕೊಂಡರು. ಈ ಮಾತು ನನಗೆ ತುಂಬಾ ಹಿಡಿಸಿತು.

ಯಾಕೆಂದರೆ ನಮಗೆ ಚಿಕ್ಕಂದಿನಿಂದ ಕಲಿಸಿರೋದೇ ಬೇರೆ. ಸಹನೆ ಅಂದರೆ ನುಂಗಿಕೊಳ್ಳೋದು. ಸಾರು ಸೀದು ಹೋದರೂ, ನೆಂಟರ ಮುಂದೆ ಗಂಡ ಏನಾದರೂ ಅಂದರೂ ಮುಖದ ಮೇಲೆ ನಗು ಇರಬೇಕು. ಆಮೇಲೆ ಪಾತ್ರೆ ತೊಳೆಯೋವಾಗ ಆ ಸಿಟ್ಟೆಲ್ಲ ಸ್ಟೀಲ್ ಲೋಟದ ಮೇಲೆ! ಗಾಲ್ಫ್ ಆಡೋರ ನಡುವೆ ಒಂದು ಕ್ರಮ ಇದೆ, ಟೈಗರ್ ವುಡ್ಸ್ ಹೆಸರಿನಲ್ಲಿ ಅದು ಪ್ರಸಿದ್ಧ. ಏಟು ಕೆಟ್ಟರೆ ಹತ್ತು ಹೆಜ್ಜೆ ನಡೆಯೋವರೆಗೆ ಸಿಟ್ಟು ಮಾಡಿಕೋ, ಬೈದುಕೋ, ನಿನ್ನಿಷ್ಟ. ಹನ್ನೊಂದನೇ ಹೆಜ್ಜೆಗೆ ಅದು ಮುಗಿಯಬೇಕು. ಎಷ್ಟು ಚೆನ್ನಾಗಿದೆ ನೋಡಿ. ಸಿಟ್ಟೇ ಬರಬಾರದು ಅನ್ನೋ ಉಪದೇಶ ಅಲ್ಲ ಇದು. ಬರಲಿ, ಆದರೆ ಅದಕ್ಕೊಂದು ಗಡಿ ಇರಲಿ ಅಂತ.

ಈ ಆಟದಲ್ಲಿ ಗಡಿ ಯಾಕೆ ಬೇಕು ಗೊತ್ತೇ? 18 ಗುಳಿ ಮುಗಿಸೋಕೆ ನಾಲ್ಕು ಗಂಟೆಗೂ ಹೆಚ್ಚು ಬೇಕು. ಒಂದು ಏಟಿಗೆ ಎರಡು ಸೆಕೆಂಡೂ ಹಿಡಿಯಲ್ಲ. 70 ಏಟು ಅಂದುಕೊಂಡರೂ ನಿಜವಾದ ಹೊಡೆತ ಎರಡು ಮೂರು ನಿಮಿಷದ್ದು. ಉಳಿದದ್ದೆಲ್ಲ ಬರೀ ನಡಿಗೆ. ಕ್ರಿಕೆಟ್‌ನಲ್ಲಾದರೆ ಔಟಾದವರು ಎದ್ದು ಪೆವಿಲಿಯನ್‌ಗೆ ಹೋಗಿಬಿಡಬಹುದು. ಇಲ್ಲಿ ಹಾಗಿಲ್ಲ, ತಾನು ಕೆಡಿಸಿದ ಚೆಂಡನ್ನ ತಾನೇ ಹುಡುಕಿಕೊಂಡು ನಡೆಯಬೇಕು. ನಡೆಯುತ್ತ ನಡೆಯುತ್ತ ಮನಸ್ಸಿನಲ್ಲಿ ಅದೇ ರೀಲು ಓಡುತ್ತೆ. ನಮ್ಮ ಮನೆಗೆಲಸವೂ ಹೀಗೇ ಅಲ್ಲವೇ? ಕೈ ಸೊಪ್ಪು ಸೋಸುತ್ತಿರುತ್ತೆ, ತಲೆ ಮಾತ್ರ ಮೊನ್ನೆ ನಾದಿನಿ ಆಡಿದ ಮಾತಿನ ಹತ್ತಿರವೇ ನಿಂತಿರುತ್ತೆ.

1920ರ ದಶಕದಲ್ಲಿ ಮೆರೆದ ಅಮೆರಿಕದ ವಾಲ್ಟರ್ ಹೇಗನ್ ಇನ್ನೂ ಜಾಣ. ಪ್ರತಿ ಸುತ್ತಿನಲ್ಲೂ ಏಳು ಕೆಟ್ಟ ಏಟು ಇದ್ದೇ ಇರುತ್ತೆ ಅಂತ ಮೊದಲೇ ಲೆಕ್ಕ ಹಾಕಿಕೊಂಡು ಮೈದಾನಕ್ಕೆ ಇಳಿಯುತ್ತಿದ್ದರಂತೆ. ಕೆಟ್ಟದ್ದೊಂದು ಬಂದರೆ ‘ಓ, ಏಳರಲ್ಲಿ ಒಂದು’ ಅಂತ ಮುಂದಕ್ಕೆ! ಇದೇನು ಸೋಮಾರಿಗಳ ಮಾತಲ್ಲ, ಹನ್ನೊಂದು ದೊಡ್ಡ ಪ್ರಶಸ್ತಿ ಗೆದ್ದವರ ಮಾತು.

ನಮ್ಮ ಕಡೆ ಕೊಬ್ಬರಿ ಒಡೆಯೋ ಹೆಂಗಸರಿಗೆ ಈ ಪಾಠ ಯಾರೂ ಹೇಳಿಕೊಡಬೇಕಿಲ್ಲ. ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವೇ ಅಟ್ಟದ ಮೇಲೆ ಒಣಗಿ, ಒಳಗೆ ಗಡಗಡ ಅನ್ನೋ ಕಾಯಿ. ಚಿಪ್ಪಿಗೆ ಹದವಾಗಿ ತಟ್ಟಿದರೆ ಉಂಡೆ ಇಡಿಯಾಗಿ ಬರುತ್ತೆ. ಏಟು ಒಂದು ಚೂರು ಜೋರಾದರೆ ಉಂಡೆ ಹೋಳು. ಹೋಳಿಗೆ ಉಂಡೆಯ ರೇಟು ಸಿಗಲ್ಲ. ಕೆಲವಂತೂ ಒಳಗೇ ಕೆಟ್ಟಿರುತ್ತೆ, ಅದು ಒಡೆಯೋವರೆಗೂ ಯಾರಿಗೂ ಗೊತ್ತಾಗಲ್ಲ. ಹೋಳಾದದ್ದು ಒಂದು ಗುಡ್ಡೆಗೆ, ಕೆಟ್ಟದ್ದು ಇನ್ನೊಂದು ಗುಡ್ಡೆಗೆ, ಕೈ ಆಗಲೇ ಮುಂದಿನ ಕಾಯಿಗೆ ಹೋಗಿರುತ್ತೆ. ಸಿಟ್ಟಿನಲ್ಲಿ ತಟ್ಟಿದರೆ ಮುಂದಿನದ್ದೂ ಹೋಳು, ಅದರ ಮುಂದಿನದ್ದರಲ್ಲಿ ಬೆರಳೇ ಹೋದೀತು.

ಮೊದಲ ತಪ್ಪಿಗಿಂತ, ಅದನ್ನ ಸರಿಮಾಡೋ ಆತುರದಲ್ಲಿ ಮಾಡೋ ಎರಡನೇ ತಪ್ಪೇ ದುಬಾರಿ. ಗಾಲ್ಫ್‌ನಲ್ಲಿ ಇದಕ್ಕೆ ಎಲ್ಲರೂ ಹೇಳೋ ಉದಾಹರಣೆ 1999ರದ್ದು, ಸ್ಕಾಟ್ಲೆಂಡಿನ ಕಾರ್ನೂಸ್ಟಿ ಮೈದಾನದ್ದು. ಬ್ರಿಟಿಷ್ ಓಪನ್‌ನ ಕೊನೆಯ ಗುಳಿ. ಫ್ರಾನ್ಸ್‌ನ ಜಾನ್ ವಾನ್ ಡಿ ವೆಲ್ಡ್ ಮೂರು ಏಟು ಮುಂದಿದ್ದರು. ನಾಲ್ಕು ಏಟಿನ ಗುಳಿ, ಆರು ಏಟು ತೆಗೆದುಕೊಂಡರೂ ಕಪ್ ಅವರದ್ದೇ. ಮೊದಲ ಏಟು ಬಲಕ್ಕೆ ಹೋಯಿತು. ಅಲ್ಲಿಂದ ಮೆಲ್ಲಗೆ ಮುಂದೆ ತಳ್ಳಿದ್ದರೆ ಸಾಕಿತ್ತು. ಜೋರಾಗಿ ಬಾರಿಸಿದರು, ಚೆಂಡು ಪ್ರೇಕ್ಷಕರ ಗ್ಯಾಲರಿಗೆ ಬಡಿದು ಎತ್ತರದ ಹುಲ್ಲಿಗೆ ಬಿತ್ತು. ಹುಲ್ಲಿನಿಂದ ಹೊಡೆದದ್ದು ತೊರೆಗೆ. ಆ ಮನುಷ್ಯ ಬೂಟು, ಕಾಲುಚೀಲ ಬಿಚ್ಚಿ, ಪ್ಯಾಂಟ್ ಮಡಚಿ ನೀರಿಗೇ ಇಳಿದುಬಿಟ್ಟರು! ಕೊನೆಗೆ ದಂಡದ ಏಟು ಒಪ್ಪಿಕೊಂಡು ಮೇಲೆ ಬಂದರೂ ಒಟ್ಟು ಏಳಾಯಿತು, ಆಮೇಲಿನ ಪ್ಲೇಆಫ್‌ನಲ್ಲಿ ಕಪ್ಪೂ ಹೋಯಿತು. ಸೀದ ಸಾರಿಗೆ ಬೆಲ್ಲ ಹಾಕಿ, ಸಾಲದೆ ಹುಳಿ ಹಾಕಿ, ಮತ್ತೊಂದು ಚಮಚ ಸಾರಿನಪುಡಿ ಹಾಕಿ ಇಡೀ ಪಾತ್ರೆ ಚೆಲ್ಲೋ ಹಾಗೆ.

ಈಗ ಪತ್ರದ ವಿಷಯಕ್ಕೆ ಬರೋಣ. ತಿಪಟೂರು ಪೇಟೆಯಲ್ಲಿರೋ ಸೋದರಿಯೊಬ್ಬರು ಬರೆದಿದ್ದಾರೆ. ತುರುವೇಕೆರೆ ಹತ್ತಿರ ಅತ್ತೆ ಮನೆಯ ತೋಟ. 2023ರಲ್ಲಿ ಮಗಳ ಕಾಲೇಜು ಫೀಸಿಗೆ ಅಂತ ಅಟ್ಟದಲ್ಲಿದ್ದ ಕೊಬ್ಬರಿಯೆಲ್ಲ ಕ್ವಿಂಟಲ್‌ಗೆ ಎಂಟು ಸಾವಿರ ಚಿಲ್ಲರೆಗೆ ಮಾರಿದರಂತೆ. ‘ಮಾರೋಣ ಅಂದಿದ್ದು ನಾನೇ. 2025ರಲ್ಲಿ ರೇಟು 25 ಸಾವಿರ ದಾಟಿದಾಗಿನಿಂದ ಊಟಕ್ಕೆ ಕೂತಾಗಲೆಲ್ಲ ಇವರದ್ದು ಅದೇ ಮಾತು. ಈಗ ಹಟಕ್ಕೆ ಬಿದ್ದು ಒಂದು ಕಾಯಿಯನ್ನೂ ಮಾರಲ್ಲ ಅಂತಾರೆ. ನಾನು ಬಾಯಿ ಬಿಡೋದನ್ನೇ ನಿಲ್ಲಿಸಿದ್ದೀನಿ.’

ಸೋದರಿ, ನಿಮ್ಮ ಏಟು ತಪ್ಪಿತ್ತು ಅಂತಲೇ ನಾನು ಒಪ್ಪಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆಯೇ 11,750 ರೂಪಾಯಿ, ಪೇಟೆಯಲ್ಲಿ ಎಂಟು ಸಾವಿರದ ಆಸುಪಾಸು. ಬೆಳೆಗಾರರು ಬೀದಿಗೆ ಇಳಿದ ಕಾಲ ಅದು. ಇಡೀ ಸೀಮೆ ನಿಮ್ಮ ಜೊತೆಗೇ ಮಾರಿತ್ತು. ಇಟ್ಟುಕೊಂಡಿದ್ದರೂ ಎರಡು ವರ್ಷ ಹುಳ ಬೀಳದೆ, ಮುಗ್ಗಲು ಹಿಡಿಯದೆ ಉಳಿಯುತ್ತಿತ್ತೇ? ಇದನ್ನ ಒಂದು ಸಲ, ಜಗಳದ ಹೊತ್ತು ಬಿಟ್ಟು, ನಿಮ್ಮೆಜಮಾನರಿಗೆ ಕೇಳಿ. ಅವರ ಹತ್ತು ಹೆಜ್ಜೆ ಯಾವತ್ತೋ ಮುಗಿದಿದೆ.

ಆದರೆ ನನಗೆ ಭಯ ಇರೋದು ಆ ಹಟದ ಬಗ್ಗೆ. ಅದೇ ಎರಡನೇ ಏಟು. ಗಾಲ್ಫ್‌ನ ಮೂಲ ನಿಯಮವೇ, ಚೆಂಡು ಬಿದ್ದ ಜಾಗದಿಂದಲೇ ಆಡು ಅನ್ನೋದು. ಬೀಳಬೇಕಿದ್ದ ಜಾಗದಿಂದ ಅಲ್ಲ! ತೀರಾ ಆಡೋಕೆ ಆಗದ ಜಾಗವಾದರೆ ಒಂದು ಏಟಿನ ದಂಡ ಒಪ್ಪಿಕೊಂಡು ಚೆಂಡು ಈಚೆ ತೆಗೆದುಕೊಳ್ಳಬಹುದು. ಹಾಗಾಗಿ ಇಬ್ಬರೂ ಒಂದು ಹಾಳೆ ತೆಗೆದುಕೊಂಡು ಕೂರಿ. ಅಟ್ಟದಲ್ಲಿ ಇವತ್ತು ಎಷ್ಟಿದೆ, ಮುಂದಿನ ಆರು ತಿಂಗಳಿಗೆ ಮನೆಗೆ ಎಷ್ಟು ಬೇಕು, ಇವತ್ತಿನ ರೇಟು ಎಷ್ಟು. ಖರ್ಚಿಗೆ ಬೇಕಾದಷ್ಟನ್ನ ಮಾರಿ, ಉಳಿದದ್ದನ್ನ ಕಾಯಿಸಿ. 2023 ಅನ್ನೋ ಅಂಕಿ ಆ ಹಾಳೆಯಲ್ಲಿ ಬರಲೇಬಾರದು. ಮತ್ತೆ ಬಾಯಿ ಬಿಡೋದನ್ನ ನಿಲ್ಲಿಸಿದ್ದೀನಿ ಅಂತೀರಲ್ಲ, ಅದು ಸಮಾಧಾನ ಅಲ್ಲ ಸೋದರಿ. ಅದು ಆಟವನ್ನೇ ಬಿಟ್ಟು ಬಂದ ಹಾಗೆ.

ಸಮಾಧಾನವಾಗಿದ್ದರೆ ಗೆಲುವು ಗ್ಯಾರಂಟಿ ಅಂತಲೂ ನಾನು ಹೇಳಲಾರೆ. 2023ರ ಹ್ಯಾಂಗ್‌ಝೌ ಏಷ್ಯನ್ ಗೇಮ್ಸ್‌ಗೆ ಹೋದ ಭಾರತದ ಮಹಿಳಾ ಗಾಲ್ಫ್ ತಂಡದ ಮೂವರೂ ನಮ್ಮ ಕರ್ನಾಟಕದವರು: ಅದಿತಿ, ಮೈಸೂರಿನ ಪ್ರಣವಿ ಅರಸ್, ಬೆಂಗಳೂರಿನ ಅವನಿ ಪ್ರಶಾಂತ್. ಮೂರನೇ ದಿನ ಅದಿತಿ 61 ಏಟಿನಲ್ಲಿ ಸುತ್ತು ಮುಗಿಸಿ ಏಳು ಏಟು ಮುಂದಿದ್ದರು. ಚಿನ್ನ ಬಂದೇಬಿಟ್ಟಿತು ಅಂದುಕೊಂಡೆವು. ಕೊನೆಯ ದಿನ 77! ಚಿನ್ನ ಥಾಯ್ಲೆಂಡಿಗೆ ಹೋಯಿತು. ಬೆಳ್ಳಿ ಬಂತು, ಏಷ್ಯನ್ ಗೇಮ್ಸ್ ಗಾಲ್ಫ್‌ನಲ್ಲಿ ಭಾರತದ ಹೆಣ್ಣುಮಗಳೊಬ್ಬಳಿಗೆ ಸಿಕ್ಕ ಮೊದಲ ಪದಕ. ಎಷ್ಟೇ ಅನುಭವ ಇದ್ದರೂ ಒಂದು ಇಡೀ ದಿನ ಕೈಕೊಡಬಹುದು. ಎರಡು ತಿಂಗಳು ತುಂಬೋ ಮೊದಲೇ, ನವೆಂಬರ್ ಕೊನೆಯಲ್ಲಿ, ಅದೇ ಅದಿತಿ ಸ್ಪೇನ್‌ನಲ್ಲಿ ಅಲ್ಲಿನ ಓಪನ್ ಗೆದ್ದರು. ಹತ್ತು ಹೆಜ್ಜೆ ಕೆಲವು ಸಲ ಎಂಟು ವಾರವೂ ಆದೀತು ಅನ್ನಿ.

ಇನ್ನು ಕ್ಯಾಡಿಯ ವಿಷಯ. ಒಬ್ಬೊಬ್ಬರೇ ಆಡೋ ಪಂದ್ಯದಲ್ಲಿ ಆಟಗಾರರಿಗೆ ಹೇಗೆ ಆಡಬೇಕು ಅಂತ ಸಲಹೆ ಕೊಡೋ ಅಧಿಕಾರ ಇರೋದು ಕ್ಯಾಡಿಗೆ ಮಾತ್ರ. ಬೇರೆ ಯಾರೂ ತುಟಿ ಬಿಚ್ಚೋ ಹಾಗಿಲ್ಲ. ನಮ್ಮ ಮನೆಗಳಲ್ಲೋ, ಪಕ್ಕದ ಮನೆಯವರಿಂದ ಹಿಡಿದು ಮದುವೆಮನೆಯಲ್ಲಿ ಸಿಕ್ಕ ದೂರದ ಚಿಕ್ಕಮ್ಮನವರೆಗೆ ಎಲ್ಲರೂ ಕ್ಯಾಡಿಗಳೇ! ಅದಿರಲಿ, ಮಕ್ಕಳ ಚೀಲ ನಿಜವಾಗಿ ಹೊರೋದು ನಾವು. ಒಳ್ಳೆ ಕ್ಯಾಡಿ ಹೇಳೋದು ಗುಳಿ ಇಲ್ಲಿಂದ ಎಷ್ಟು ದೂರ, ಗಾಳಿ ಯಾವ ಕಡೆ, ಈಗ ಯಾವ ಕೋಲು ಅನ್ನೋದನ್ನ. ‘ನಾನು ಆಗಲೇ ಹೇಳಿದ್ನಲ್ಲ’ ಅನ್ನೋ ಮಾತು ಅವರ ಬಾಯಲ್ಲಿ ಬರಬಾರದು.

ಎಸ್ಸೆಸ್ಸೆಲ್ಸಿ ಗಣಿತದ ದಿನ ಮಗಳು ಮುಖ ಸಣ್ಣದು ಮಾಡಿಕೊಂಡು ಬರ್ತಾಳೆ. ಚಪ್ಪಲಿ ಬಿಡೋಕೂ ಬಿಡದೆ ಪ್ರಶ್ನೆಪತ್ರಿಕೆ ಕಿತ್ತುಕೊಂಡು, ‘ಈ ಲೆಕ್ಕ ಮನೇಲಿ ಮಾಡಿಸಿದ್ನಲ್ಲ, ಇದನ್ಯಾಕೆ ಬಿಟ್ಟೆ?’ ಅಂತ ಶುರು ಮಾಡಿದರೆ ನಾಡಿದ್ದಿನ ವಿಜ್ಞಾನವೂ ಅಲ್ಲೇ ಹೋಯಿತು. ಅಳು ಬಂದರೆ ಅಳಲಿ, ಹತ್ತು ನಿಮಿಷ. ಆ ಪ್ರಶ್ನೆಪತ್ರಿಕೆಯನ್ನ ಮಡಚಿ ಫ್ರಿಜ್ ಮೇಲಿಡಿ, ಅವರಪ್ಪನ ಕೈಗೂ ಸಿಗದ ಹಾಗೆ. ಕೈಕಾಲು ತೊಳೆದು ಬಂದ ಮೇಲೆ ತಟ್ಟೆ ಹಾಕಿ, ‘ವಿಜ್ಞಾನದಲ್ಲಿ ಯಾವ ಪಾಠ ಉಳಿದಿದೆ?’ ಅಂತ ಕೇಳಿ.