ಒಂದೇ ಮನೆ, ನಾಲ್ಕು ಇಲಾಖೆ

1975ರ ಗಾಂಧಿ ಜಯಂತಿಯಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಪ್ರಾಯೋಗಿಕವಾಗಿ ಶುರುವಾಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿಕೊಂಡದ್ದು ಮೈಸೂರು ಜಿಲ್ಲೆಯ ತಿ. ನರಸೀಪುರವನ್ನು. ಅಂಗನವಾಡಿ ಎಂಬ ವ್ಯವಸ್ಥೆ ನಮ್ಮ ರಾಜ್ಯದಲ್ಲಿ ಕಣ್ಣುಬಿಟ್ಟ ತಾಲ್ಲೂಕು ಅದು. ಅದೇ ತಾಲ್ಲೂಕಿನಲ್ಲಿ 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ಚಿರತೆ ದಾಳಿಗೆ ನಾಲ್ವರು ಬಲಿಯಾದರು. ಗೆಳೆಯರೊಂದಿಗೆ ಬೆಟ್ಟಕ್ಕೆ ಹೋಗಿದ್ದ ವಿದ್ಯಾರ್ಥಿ, ಸಂಜೆ ಮನೆಯ ಹಿತ್ತಲಿಗೆ ಹೋದ ಕಾಲೇಜು ಹುಡುಗಿ, ಸೌದೆ ತರಲು ಹೊರಗೆ ಬಂದ ಅಜ್ಜಿ, ಅದರ ಮರುದಿನವೇ ಅಂಗಡಿಗೆ ಹೊರಟಿದ್ದ 11 ವರ್ಷದ ಹುಡುಗ.

ನಾಲ್ಕೂ ಸಾವು ಅರಣ್ಯ ಇಲಾಖೆಯ ಕಡತಕ್ಕೆ ಸೇರಿದವು. ಬೋನು ಇಟ್ಟರು, ಪರಿಹಾರದ ಚೆಕ್ ಕೊಟ್ಟರು, ಮೈಸೂರಿಗೆ ಚಿರತೆ ಕಾರ್ಯಪಡೆ ಬಂತು. ತಪ್ಪೇನೂ ಇಲ್ಲ, ಬೇಕಾಗಿತ್ತು. ಆದರೆ ಸತ್ತವರಲ್ಲಿ ಒಬ್ಬಳು ಹುಡುಗಿ, ಒಬ್ಬರು ವೃದ್ಧೆ, ಒಬ್ಬ ಬಾಲಕ. ಮೂವರೂ ದಾಳಿಗೆ ಸಿಕ್ಕಿದ್ದು ತಮ್ಮೂರಿನಲ್ಲೇ, ದಿನನಿತ್ಯದ ಸಣ್ಣ ಕೆಲಸದ ನಡುವೆ. ಅಡುಗೆ ಅನಿಲದ ಉಜ್ವಲಾ ಯೋಜನೆ ಬಂದು ಆರು ವರ್ಷ ಕಳೆದಿದ್ದರೂ ಹಳ್ಳಿಯ ಹೆಂಗಸು ಸೌದೆಗಾಗಿ ಹೊರಗೆ ಹೋಗಬೇಕಿತ್ತು. ಸಿಲಿಂಡರ್ ಮೂಲೆಯಲ್ಲಿದ್ದರೂ ನೀರು ಕಾಯಿಸಲು, ಮುದ್ದೆ ತೊಳಸಲು ಒಲೆ ಉರಿಯುವ ಮನೆಗಳು ಈ ಭಾಗದಲ್ಲಿ ಎಷ್ಟು ಬೇಕಾದರೂ ಸಿಗುತ್ತವೆ. ಬೀದಿದೀಪ ಗ್ರಾಮ ಪಂಚಾಯಿತಿಯದು, ಅನಿಲ ಸಂಪರ್ಕ ಆಹಾರ ಇಲಾಖೆ ಮತ್ತು ತೈಲ ಕಂಪನಿಯದು, ಮಕ್ಕಳು ಇನ್ನೊಂದು ಇಲಾಖೆಯವರು. ಚಿರತೆಯೊಂದೇ ಅರಣ್ಯ ಇಲಾಖೆಯದು.

ಚಿರತೆಯೂ ಪೂರ್ತಿ ಅವರದಲ್ಲ ಎನ್ನಬೇಕು. ಈ ತಾಲ್ಲೂಕಿನ ಚಿರತೆ ಬದುಕುವುದು ಕಬ್ಬಿನ ಗದ್ದೆಯಲ್ಲಿ. ಆಳೆತ್ತರ ಬೆಳೆದ ಕಬ್ಬು ಅದಕ್ಕೆ ನೆರಳು, ಮರೆ, ಮರಿ ಹಾಕಲು ಜಾಗ. ನಾಯಿ, ಕುರಿ, ಹಂದಿ ಕೈಗೆಟುಕುವ ಆಹಾರ. ಕಟಾವು ತಡವಾದಷ್ಟೂ ಅದು ಊರ ಅಂಚಿನಲ್ಲೇ ಉಳಿಯುತ್ತದೆ. ಕಟಾವು ಯಾವಾಗ ಎಂಬುದನ್ನು ನಿರ್ಧರಿಸುವುದು ರೈತನೂ ಅಲ್ಲ, ವಲಯ ಅರಣ್ಯಾಧಿಕಾರಿಯೂ ಅಲ್ಲ, ಸಕ್ಕರೆ ಕಾರ್ಖಾನೆಯ ವೇಳಾಪಟ್ಟಿ. ಬೆಳೆದು ನಿಂತ ಕಬ್ಬನ್ನು ಬೇಗ ಕಡಿಸಿ ಎಂದು ಆಡಳಿತ ಹೇಳಿದ್ದು ಸಾವುಗಳಾದ ಮೇಲೆ.

ಈ ಉದಾಹರಣೆಯನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಮಹಿಳೆಯರಿಗೆ ಹಣ ಕೊಡುವುದು ಸರಿಯೋ ತಪ್ಪೋ ಎಂಬ ಜಗಳದಲ್ಲೇ ಕಲ್ಯಾಣ ಯೋಜನೆಗಳ ಚರ್ಚೆ ನಮ್ಮಲ್ಲಿ ಮುಗಿದುಹೋಗುತ್ತದೆ. ನನಗೆ ಆ ಜಗಳದಲ್ಲಿ ಆಸಕ್ತಿಯಿಲ್ಲ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಕಂತು ತಡವಾದರೂ ಮನೆ ಮುಟ್ಟುತ್ತದೆ, ಶಕ್ತಿ ಯೋಜನೆಯ ಬಸ್ಸು ಹೆಂಗಸರಿಗೆ ಸಂತೆಯನ್ನೂ ಆಸ್ಪತ್ರೆಯನ್ನೂ ಹತ್ತಿರ ತಂದಿದೆ. ಇವು ನಡೆಯುತ್ತಿರುವುದಕ್ಕೆ ಒಂದು ಮುಖ್ಯ ಕಾರಣ, ಇವುಗಳಿಗೆ ಇನ್ನೊಂದು ಇಲಾಖೆಯ ಸಹಿ ಬೇಕಿಲ್ಲ. ಖಜಾನೆಯಿಂದ ಖಾತೆಗೆ ಹಣ ಹೋದರೆ ಕೆಲಸ ಮುಗಿಯಿತು. ಎಲ್ಲಿ ಎರಡು ಇಲಾಖೆ ಕೂತು ಮಾತಾಡಬೇಕೋ ಅಲ್ಲಿ ಯೋಜನೆ ನಿಂತುಬಿಡುತ್ತದೆ. ಕಾಡಂಚಿನ ಬದುಕಿಗೆ ಬೇಕಾದ್ದೆಲ್ಲ ಬಹುಪಾಲು ಅಲ್ಲೇ ಸಿಕ್ಕಿಕೊಂಡಿರುತ್ತದೆ.

ಬಿದಿರನ್ನೇ ನೋಡಿ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬುಟ್ಟಿ, ಚಾಪೆ ಹೆಣೆಯುವವರೂ ಇದ್ದಾರೆ. ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ, ಶೇ 5ರ ಬಡ್ಡಿಯಲ್ಲಿ ಎರಡು ಹಂತದಲ್ಲಿ 3 ಲಕ್ಷದವರೆಗೆ ಸಾಲ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಬಿದಿರು ಹೆಣೆದೇ ಬದುಕುವ ಮೇದರ ಕುಟುಂಬಕ್ಕೆ ಸಲಕರಣೆ ಎಂದರೆ ಒಂದು ಮಚ್ಚು, ಒಂದೆರಡು ಕತ್ತಿ. ಅವು ಅವರಲ್ಲಿ ಅಜ್ಜನ ಕಾಲದಿಂದ ಇವೆ. ಇಲ್ಲದಿರುವುದು ಬಿದಿರು. ಅದೂ ಹಸಿ ಬಿದಿರೇ ಆಗಬೇಕು. ಒಣಗಿದ ಗಳ ಸೀಳುವಾಗ ಮುರಿಯುತ್ತದೆ, ಎಳೆ ಬರುವುದಿಲ್ಲ.

ಮೊರ ಆಗುವ ಬಗೆಯನ್ನು ಹತ್ತಿರದಿಂದ ನೋಡಿದವರಿಗೆ ಯೋಜನೆಯ ಇನ್ನೊಂದು ಎಡವಟ್ಟು ಕಾಣುತ್ತದೆ. ಸಾಮಾನ್ಯವಾಗಿ ಗಂಡ ಗಳವನ್ನು ತುಂಡು ಮಾಡಿ ಸೀಳಿ ದಬ್ಬೆ ಮಾಡಿಕೊಡುತ್ತಾನೆ. ಹೆಂಡತಿ ಅದರ ಸಿಪ್ಪೆ ಬಿಡಿಸಿ, ಎಳೆ ನುಣುಪು ಮಾಡಿ, ಕಾಲಲ್ಲಿ ಅದುಮಿಕೊಂಡು ಹೆಣೆಯುತ್ತಾಳೆ. ಗೌರಿ ಹಬ್ಬ ಹತ್ತಿರ ಬಂದರೆ ಬಾಗಿನಕ್ಕೆ ಜೊತೆ ಮೊರ ಬೇಕು. ಆ ಕೆಲವು ವಾರ ಕೇರಿಯ ಹೆಂಗಸರ ಬೆರಳಿಗೆ ಬಿಡುವಿಲ್ಲ. ಸಂತೆಯಲ್ಲಿ ಕೂತು ಚೌಕಾಸಿ ಮಾಡಿ ಮಾರುವವಳೂ ಅವಳೇ. ಆದರೆ ವಿಶ್ವಕರ್ಮ ಯೋಜನೆಯಲ್ಲಿ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳನ್ನು ಒಂದು ಕುಟುಂಬವೆಂದು ಹಿಡಿದು ಒಬ್ಬರಿಗೆ ಮಾತ್ರ ನೋಂದಣಿ. ಆ ಒಬ್ಬರು ಯಾರಾಗುತ್ತಾರೆ ಎಂದು ಊಹಿಸಲು ಸಮೀಕ್ಷೆ ಬೇಕಿಲ್ಲ. ಗೃಹಲಕ್ಷ್ಮಿಯಲ್ಲಿ ಮನೆಯ ಯಜಮಾನಿ ಎನಿಸಿಕೊಂಡವಳು ಇಲ್ಲಿ ಕುಶಲಕರ್ಮಿ ಎನಿಸಿಕೊಳ್ಳಲು ಗಂಡ ಹೆಸರು ಬಿಟ್ಟುಕೊಡಬೇಕು.

ಬಿದಿರಿನ ಕಥೆ ಹಳೆಯದು. ಅಂಗನವಾಡಿ ಶುರುವಾದ ಹೊತ್ತಿನಲ್ಲೇ, 1970ರ ದಶಕದ ನಡುವೆ, ಕಾಗದದ ಕಾರ್ಖಾನೆ ಕಾಡಿನ ಬಿದಿರನ್ನೆಲ್ಲ ಬಳಿದುಕೊಂಡು ಹೋಗುತ್ತಿದೆ ಎಂದು ಬುಟ್ಟಿ ಹೆಣೆಯುವವರು ಸರ್ಕಾರಕ್ಕೆ ದೂರಿದರು. ಆಗ ರಾಜ್ಯದ ಹಣಕಾಸು ಸಚಿವರಾಗಿದ್ದ ಎಂ.ವೈ. ಘೋರ್ಪಡೆಯವರು ಅಧ್ಯಯನ ಮಾಡಿಕೊಡುವಂತೆ ವಿಜ್ಞಾನಿ ಮಾಧವ ಗಾಡ್ಗೀಳ್ ಅವರನ್ನು ಕೇಳಿದರು. ದಾಂಡೇಲಿಯ ಕಾರ್ಖಾನೆಗೆ ಬಿದಿರು ಟನ್ನಿಗೆ ಒಂದೂವರೆ ರೂಪಾಯಿಗೆ ಸಿಗುತ್ತಿತ್ತು, ಬುಟ್ಟಿಯವರು ಮಾರುಕಟ್ಟೆಯಲ್ಲಿ ಅದರ ನೂರಾರು ಪಟ್ಟು ತೆರುತ್ತಿದ್ದರು ಎಂದು ಗಾಡ್ಗೀಳ್ ಬರೆದಿದ್ದಾರೆ. ಅದಕ್ಕಿಂತ ನನಗೆ ಮುಖ್ಯವೆನಿಸುವುದು ಮುಳ್ಳಿನ ಪ್ರಸಂಗ. ಬಿದಿರ ಮೆಳೆಯ ಬುಡದಲ್ಲಿ ಮುಳ್ಳು ಒತ್ತಾಗಿ ಬೆಳೆದಿರುತ್ತದೆ. ಅದನ್ನು ಸವರಿದರೆ ಬಿದಿರು ಚೆನ್ನಾಗಿ ಬರುತ್ತದೆ ಎಂಬುದು ಅಧಿಕಾರಿಗಳ, ಕಾರ್ಖಾನೆಯವರ ನಂಬಿಕೆ. ಎಳೆಯ ಕಳಲೆಯನ್ನು ದನಕರು ತಿನ್ನದಂತೆ ಕಾಯುವುದೇ ಆ ಮುಳ್ಳು ಎಂದು ಹಳ್ಳಿಯವರು ಹೇಳುತ್ತಿದ್ದರು. ಅಧ್ಯಯನದಲ್ಲಿ ನಿಜವಾಗಿದ್ದು ಹಳ್ಳಿಯವರ ಮಾತು. ಬಿದಿರು ಕಡಿಮೆಯಾಗಲು ಜನರೇ ಕಾರಣ ಎಂದು ಅಧಿಕಾರಿಗಳು ಅಷ್ಟು ವರ್ಷ ಹೇಳಿಕೊಂಡು ಬಂದಿದ್ದರು!

ಆನೆಗೂ ಬಿದಿರೇ ಬೇಕು. ಬಂಡೀಪುರ, ನಾಗರಹೊಳೆಯ ಬಿದಿರು ಕಳೆದ ದಶಕದ ಆರಂಭದಲ್ಲಿ ಹೂಬಿಟ್ಟು ಒಣಗಿತು. ನಾಲ್ಕು ದಶಕಕ್ಕೊಮ್ಮೆ ನಡೆಯುವ ಸಹಜ ಕ್ರಿಯೆ ಅದು. ಹೊಸ ಮೆಳೆ ದಟ್ಟವಾಗಲು ವರ್ಷಗಳು ಹಿಡಿಯುತ್ತವೆ, ಅಷ್ಟರಲ್ಲಿ ಲಂಟಾನ ಎಂಬ ಕಳೆ ನೆಲ ಹಿಡಿದಿರುತ್ತದೆ. ದೇಶದಲ್ಲೇ ಅತಿ ಹೆಚ್ಚು ಆನೆಗಳು ನಮ್ಮಲ್ಲಿವೆ ಎಂದು ಹೆಮ್ಮೆಪಡುವಾಗ, ಅವು ತಿನ್ನುವುದೇನು ಎಂಬ ಪ್ರಶ್ನೆಯೂ ಜೊತೆಗಿರಬೇಕು. ಆನೆ ಮತ್ತು ಮೇದರು ಒಂದೇ ಮೆಳೆಗೆ ಕಾದು ನಿಂತವರು. ಅವರಿಬ್ಬರನ್ನೂ ಒಂದೇ ಕಡತದಲ್ಲಿ ಕಾಣುವ ಕಚೇರಿ ಇಲ್ಲ. 2017ರಲ್ಲಿ ಕೇಂದ್ರ ಸರ್ಕಾರ ಅರಣ್ಯ ಕಾಯ್ದೆಯ ‘ಮರ’ದ ವ್ಯಾಖ್ಯೆಯಿಂದ ಬಿದಿರನ್ನು ತೆಗೆದು ಖಾಸಗಿ ಜಮೀನಿನಲ್ಲಿ ಬೆಳೆಯುವವರಿಗೆ ದಾರಿ ಸುಗಮ ಮಾಡಿತು. ಜಮೀನಿಲ್ಲದ ಮೇದರಿಗೆ ಅದರಿಂದ ಏನು ಬಂತು?

ಇಲಾಖೆಗಳ ನಡುವಿನ ಇದೇ ಗೋಡೆ ಹುಲಿಯ ವಿಷಯದಲ್ಲೂ ಕಾಣುತ್ತದೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ವನ್ಯಧಾಮದಲ್ಲಿ ಒಂದು ತಾಯಿ ಹುಲಿಯೂ ಅದರ ನಾಲ್ಕು ಮರಿಗಳೂ ಸತ್ತುಬಿದ್ದಿದ್ದವು. ಹುಲಿ ಕೊಂದ ಹಸುವಿನ ದೇಹಕ್ಕೆ ವಿಷ ಹಾಕಲಾಗಿತ್ತು. ಸ್ಥಳೀಯರ ಬಂಧನವಾಯಿತು. ಆ ಅಪರಾಧವನ್ನು ಯಾರೂ ಸಮರ್ಥಿಸಬೇಕಿಲ್ಲ. ಅದೇ ದಿನಗಳಲ್ಲಿ ಅಲ್ಲಿನ ಹೊರಗುತ್ತಿಗೆ ವಾಚರ್‌ಗಳಿಗೆ ತಿಂಗಳುಗಟ್ಟಲೆ ಸಂಬಳವಾಗಿರಲಿಲ್ಲ ಎಂಬ ವರದಿಯೂ ಬಂತು. ಕಾಡಿನ ಒಳಗೆ ತಿರುಗಿ ಹುಲಿಯನ್ನು ಕಾಯುವವನು ಅವನೇ, ಊರಿನ ಸಿಟ್ಟು ಮೊದಲು ಕಿವಿಗೆ ಬೀಳುವುದೂ ಅವನಿಗೇ. ಸರ್ಕಾರದಿಂದ ತಕ್ಷಣ ಬಂದ ಮಾತು, ಕಾಡಿನಲ್ಲಿ ದನ ಮೇಯಿಸುವುದನ್ನು ನಿಷೇಧಿಸುವುದು. ಮೇವು ಎಲ್ಲಿಂದ ತರುವುದು ಎಂಬುದು ಪಶುಸಂಗೋಪನಾ ಇಲಾಖೆಗೆ ಸೇರಿದ ಪ್ರಶ್ನೆ ಎಂದಿರಬೇಕು.

ಅದೇ ಬೆಟ್ಟದಲ್ಲಿ ಬೇರೊಂದು ದಾರಿಯನ್ನೂ ಎರಡು ದಶಕದಿಂದ ನೋಡಬಹುದು. ‘ಏಟ್ರೀ’ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ನೆರವಿನಿಂದ ಅಲ್ಲಿನ ಬುಡಕಟ್ಟಿನವರಾದ ಸೋಲಿಗರು ಲಂಟಾನದ ಕಡ್ಡಿಯನ್ನು ಕುದಿಸಿ, ಸಿಪ್ಪೆ ತೆಗೆದು, ಬಿದಿರು ಬೆತ್ತದ ಬದಲಿಗೆ ಬಳಸಿ ಕುರ್ಚಿ, ಬುಟ್ಟಿ ಮಾಡುತ್ತಾರೆ. 2024ರಲ್ಲಿ ಬೆಂಗಳೂರಿನ ಲಾಲ್‌ಬಾಗಿಗೆ ಬಂದಿದ್ದ ಲಂಟಾನದ ಆನೆಗಳ ಹಿಂದಿದ್ದದ್ದೂ ಕಾಡಿನ ಸಮುದಾಯಗಳ ಕೈಗಳೇ. ಕಾಡನ್ನು ಹಾಳುಮಾಡುವ ಕಳೆ ಹೊರಗೆ ಬರುತ್ತದೆ, ಹುಲ್ಲಿಗೆ ಜಾಗವಾಗುತ್ತದೆ, ಕೈಗೆ ಕೂಲಿ ಸಿಗುತ್ತದೆ. ಲಂಟಾನ ಮತ್ತೆ ಚಿಗುರುತ್ತದೆ, ಇಡೀ ಕಾಡನ್ನು ಕುರ್ಚಿ ಮಾಡಿ ಮುಗಿಸಲಾಗದು ಎಂಬ ಆಕ್ಷೇಪ ಸರಿಯಾದದ್ದೇ. ಆದರೂ ಕಳೆ ಕೀಳಲು ಅರಣ್ಯ ಇಲಾಖೆ ಖರ್ಚು ಮಾಡುವ ಹಣ, ಕುಶಲಕರ್ಮಿಗೆ ವಿಶ್ವಕರ್ಮ ಕೊಡುವ ಹಣ, ಮಹಿಳಾ ಸ್ವಸಹಾಯ ಸಂಘಕ್ಕೆ ಸಿಗುವ ಸಾಲ ಈ ಮೂರೂ ಇಂಥ ಒಂದೇ ಕೆಲಸದ ಮೇಲೆ ಬೀಳುವಂತೆ ಮಾಡಿದ್ದರೆ, ಒಂದು ಸಂಸ್ಥೆಯ ಪ್ರಯೋಗವಾಗಿಯೇ ಅದು ಇಷ್ಟು ಕಾಲ ಉಳಿಯಬೇಕಿರಲಿಲ್ಲ.

ಕಾನೂನಿನ ಕೊರತೆಯಂತೂ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಹೇಳಿ, ಅದರ ಒಡೆತನವನ್ನು ಅರಣ್ಯವಾಸಿಗಳಿಗೆ ಕೊಡುತ್ತದೆ. ಮಹಾರಾಷ್ಟ್ರದ ಗಡಚಿರೋಲಿಯ ಮೆಂಢಾ ಲೇಖಾ ಗ್ರಾಮಸಭೆ 2011ರಲ್ಲಿ ತನ್ನ ಬಿದಿರಿಗೆ ತಾನೇ ರಹದಾರಿ ಕೊಟ್ಟು ಮಾರಲು ಶುರುಮಾಡಿತು. ಅದೇ ವರ್ಷ ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಇಂಥ ಮನ್ನಣೆ ದೇಶದಲ್ಲೇ ಮೊದಲು. ಹಕ್ಕು ಕೊಟ್ಟರೆ ಹುಲಿ ಉಳಿಯದು ಎಂದವರ ಭಯ ಅಲ್ಲಿ ನಿಜವಾಗಲಿಲ್ಲ.

ಮಲೆ ಮಹದೇಶ್ವರ ಬೆಟ್ಟವನ್ನು ಹುಲಿ ಸಂರಕ್ಷಿತ ಪ್ರದೇಶ ಮಾಡುವ ಪ್ರಸ್ತಾವ ವರ್ಷಗಳಿಂದ ಓಡಾಡುತ್ತಿದೆ. ಘೋಷಣೆಯಾಗಲಿ. ಅದಕ್ಕೆ ಮುಂಚೆ ಆ ಬೆಟ್ಟದ ಪೋಡುಗಳ, ಅಂದರೆ ಸೋಲಿಗರ ಹಾಡಿಗಳ, ಹಕ್ಕಿನ ಅರ್ಜಿಗಳು ಇತ್ಯರ್ಥವಾಗಬೇಕು, ವಾಚರ್‌ಗಳ ಸಂಬಳಕ್ಕೆ ಬಜೆಟ್‌ನಲ್ಲಿ ಪ್ರತ್ಯೇಕ ಲೆಕ್ಕಶೀರ್ಷಿಕೆ ಬರಬೇಕು, ಮೇಯಿಸುವುದನ್ನು ನಿಲ್ಲಿಸುವ ಆದೇಶದ ಜೊತೆಯಲ್ಲೇ ಮೇವಿನ ಏರ್ಪಾಡಿನ ಆದೇಶಕ್ಕೂ ಸಹಿ ಬೀಳಬೇಕು. ಇದಕ್ಕೆ ಹೊಸ ಯೋಜನೆ ಬೇಡ. ಮುಖ್ಯ ಕಾರ್ಯದರ್ಶಿ ನಾಲ್ಕು ಇಲಾಖೆಯವರನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗಿ ಗ್ರಾಮಸಭೆಯಲ್ಲಿ ಕೂರಿಸಿದರೆ ಸಾಕು.